ಬ್ರಿಟನ್ನಿನಲ್ಲಿ ರೇಡಿಯೋಗ್ರಾಫರ್ ಆಗಲು: ನೋಂದಣಿ ಮತ್ತು ಪೂರ್ವಾಪರ ಪರಿಶೀಲನೆ

ಎಕ್ಸ್‌ರೇ, ಸಿಟಿ, ಎಂಆರ್‌ಐ ಯಂತ್ರಗಳಲ್ಲಿ ಕೆಲಸ ಮಾಡುವವರು ಮತ್ತು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವವರು ಬ್ರಿಟನ್ನಿನಲ್ಲಿ ರೇಡಿಯೋಗ್ರಾಫರ್ ಆಗಿ ದುಡಿಯಬೇಕಾದರೆ, ಮೊದಲು ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್ (ಎಚ್‌ಸಿಪಿಸಿ) ಎಂಬ ಶಾಸನಬದ್ಧ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಈ ಪದನಾಮಕ್ಕೆ ಅಲ್ಲಿ ಕಾನೂನಿನ ರಕ್ಷಣೆಯಿದ್ದು, ನೋಂದಣಿಯಿಲ್ಲದೆ ಅದನ್ನು ಬಳಸುವುದು ಅಪರಾಧ.

ಶುಲ್ಕ ಕಟ್ಟುವ ಮುನ್ನ ನಿಮ್ಮ ಎಲ್ಲ ದಾಖಲೆಗಳನ್ನು ಒಟ್ಟಿಗೆ ಹರಡಿ ಹೆಸರನ್ನು ತಾಳೆ ನೋಡಿ. ನಮ್ಮವರ ಹೆಸರಿನ ಇನಿಷಿಯಲ್ ಊರಿನದೋ ತಂದೆಯದೋ ಆಗಿರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.’ ಎಂದಿದ್ದದ್ದು ಪಾಸ್‌ಪೋರ್ಟಿನಲ್ಲಿ ‘ಮಂಜುನಾಥ ಕೃಷ್ಣಪ್ಪ’ ಎಂದು ವಿಸ್ತಾರಗೊಂಡಿರುತ್ತದೆ, ಮದುವೆಯಾದ ಹೆಣ್ಣುಮಕ್ಕಳ ದಾಖಲೆಗಳಲ್ಲಿ ಇನ್ನೊಂದು ಬದಲಾವಣೆಯೂ ಸೇರಿರುತ್ತದೆ. ಇಲ್ಲಿ ಯಾರೂ ಪ್ರಶ್ನಿಸದ ಈ ವ್ಯತ್ಯಾಸ, ಗುರುತಿನ ಪರಿಶೀಲನೆಯೇ ಮೊದಲ ಮೆಟ್ಟಿಲಾಗಿರುವ ಕಡೆ ಅರ್ಜಿಯನ್ನು ನಿಲ್ಲಿಸಬಲ್ಲದು. ಆದ್ದರಿಂದ ಎರಡೂ ಹೆಸರುಗಳು ಒಬ್ಬರದೇ ಎಂದು ಸಾರುವ ಪ್ರಮಾಣಪತ್ರವನ್ನು ನೋಟರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಅರ್ಜಿಯ ತಿರುಳು ನಿಮ್ಮ ಶಿಕ್ಷಣದ ವಿವರ. ಪದವಿ ಪ್ರಮಾಣಪತ್ರವೊಂದೇ ಸಾಲದು; ಓದಿದ ವಿಷಯಗಳ ಮತ್ತು ಆಸ್ಪತ್ರೆಯಲ್ಲಿ ಪಡೆದ ತರಬೇತಿಯ ವಿವರವನ್ನು ಕಾಲೇಜು ದೃಢೀಕರಿಸಬೇಕಾಗುತ್ತದೆ. ಅದೇ ವೃತ್ತಿಯ ಪರಿಣತರು ಅದನ್ನು 2023ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಎಚ್‌ಸಿಪಿಸಿಯ ಪ್ರಾವೀಣ್ಯ ಮಾನದಂಡಗಳಿಗೆ ಹೋಲಿಸಿ ನೋಡುತ್ತಾರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವೀಧರರಿಗೆ ಪಠ್ಯಕ್ರಮದ ಪ್ರತಿ ಸಿಗುವುದು ಕಷ್ಟವಲ್ಲ. ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾ ಮಾತ್ರ ಇರುವವರು ಹೆಚ್ಚು ಎಚ್ಚರದಿಂದಿರಬೇಕು: ಬ್ರಿಟನ್ನಿನಲ್ಲಿ ಈ ವೃತ್ತಿಯ ಪ್ರವೇಶಮಟ್ಟ ಆನರ್ಸ್ ಪದವಿ. ಕಲಿಕೆಯಲ್ಲಿ ಕಂಡ ಕೊರತೆಯನ್ನು ಅನುಭವದಿಂದ ತುಂಬಲು ಅವಕಾಶವಿದೆಯಾದರೂ, ‘ಇಷ್ಟು ವರ್ಷ ಕೆಲಸ ಮಾಡಿದ್ದಾರೆ’ ಎಂಬ ಎರಡು ಸಾಲಿನ ಪತ್ರದಿಂದ ಅದು ಆಗದು. ಯಾವ ಯಂತ್ರ, ಯಾವ ಪರೀಕ್ಷೆಗಳು, ವಿಕಿರಣ ಸುರಕ್ಷತೆಯಲ್ಲಿ ನಿಮ್ಮ ಹೊಣೆ ಏನಿತ್ತು ಎಂಬುದನ್ನು ಪತ್ರ ಬಿಡಿಸಿ ಹೇಳಬೇಕು. ಇದರ ಜೊತೆಗೆ ಇಂಗ್ಲಿಷಿನ ಪುರಾವೆಯಾಗಿ ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಭಾಷಾ ಪರೀಕ್ಷೆಯಲ್ಲಿ ಒಟ್ಟು 7.0, ಯಾವ ವಿಭಾಗದಲ್ಲೂ 6.5ಕ್ಕೆ ಕಡಿಮೆಯಿಲ್ಲದ ಅಂಕ ಬೇಕು.

ನಡತೆ ಮತ್ತು ಆರೋಗ್ಯದ ಬಗ್ಗೆ ನೀವೇ ಘೋಷಣೆ ಸಲ್ಲಿಸಬೇಕು. ಹಳೆಯ ಶಿಕ್ಷೆಯೋ ಶಿಸ್ತುಕ್ರಮವೋ ಇದ್ದರೆ ಬರೆದುಬಿಡಿ. ಹೇಳಿಕೊಂಡ ತಪ್ಪನ್ನು ಅದರ ತೂಕ ನೋಡಿ ಪರಿಗಣಿಸುತ್ತಾರೆ, ಮುಚ್ಚಿಟ್ಟದ್ದು ಬಯಲಾದರೆ ಪ್ರಾಮಾಣಿಕತೆಯೇ ಪ್ರಶ್ನೆಗೊಳಗಾಗುತ್ತದೆ.

ನೋಂದಣಿಯಾದ ಮೇಲೂ ಪರಿಶೀಲನೆ ಮುಗಿಯುವುದಿಲ್ಲ. ಗುರುತು, ಕೆಲಸದ ಹಕ್ಕು, ನೋಂದಣಿ ಮತ್ತು ವಿದ್ಯಾರ್ಹತೆ, ಹಿಂದಿನ ಉದ್ಯೋಗ, ಅಪರಾಧ ದಾಖಲೆ, ಆರೋಗ್ಯ ಎಂಬ ಆರನ್ನೂ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆ ಪ್ರತ್ಯೇಕವಾಗಿ ಪರೀಕ್ಷಿಸುತ್ತದೆ. ಉದ್ಯೋಗದಲ್ಲಿ ಕನಿಷ್ಠ ಮೂರು ವರ್ಷಗಳ ಇತಿಹಾಸ ಕೇಳುವುದರಿಂದ, ಮಧ್ಯೆ ಮನೆಯಲ್ಲಿದ್ದ ತಿಂಗಳುಗಳಿಗೂ ಕಾರಣ ಬರೆಯಿರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಡಿಬಿಎಸ್ ಎಂಬ ಅಪರಾಧ ದಾಖಲೆ ತಪಾಸಣೆಯಿದೆ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಅದಕ್ಕೆ ಬೇರೆ ಸಂಸ್ಥೆಗಳಿವೆ. ವಿದೇಶದ ದಾಖಲೆಗಳು ಡಿಬಿಎಸ್ ಬಳಿ ಇರುವುದಿಲ್ಲ. ಹಾಗಾಗಿ ಆರೋಗ್ಯ ಕ್ಷೇತ್ರದ ಕೆಲಸಕ್ಕೆ ವೀಸಾ ಕೇಳುವಾಗ, ಕಳೆದ 10 ವರ್ಷಗಳಲ್ಲಿ, 18 ತುಂಬಿದ ಮೇಲೆ, ಒಟ್ಟು 12 ತಿಂಗಳು ಅಥವಾ ಹೆಚ್ಚು ಕಾಲ ವಾಸವಿದ್ದ ಪ್ರತಿಯೊಂದು ದೇಶದಿಂದಲೂ ಪೊಲೀಸ್ ಪ್ರಮಾಣಪತ್ರ ಒದಗಿಸಬೇಕು. ಭಾರತದ್ದನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಿ ಪಡೆಯಬಹುದು. ಮಂಗಳೂರು, ಉಡುಪಿ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗಿ ದುಡಿಯುತ್ತಿರುವವರು ಅಲ್ಲಿಯ ಪ್ರಮಾಣಪತ್ರದ ವಿಧಾನವನ್ನು ಆ ದೇಶ ಬಿಡುವ ಮೊದಲೇ ತಿಳಿದುಕೊಂಡಿರಬೇಕು, ಏಕೆಂದರೆ ಊರಿಗೆ ಮರಳಿದ ಮೇಲೆ ಬೆರಳಚ್ಚು, ರಾಯಭಾರ ಕಚೇರಿಯ ದೃಢೀಕರಣ ಎಂದು ಅಲೆದಾಟ ಹೆಚ್ಚುತ್ತದೆ.

ನೋಂದಣಿಗೆ ಏಜೆಂಟರ ಅಗತ್ಯವಿಲ್ಲ. ಅರ್ಜಿ ನೇರವಾಗಿ ಸಲ್ಲುತ್ತದೆ. ಕೆಲಸ ಕೊಡಿಸಲು ಅಭ್ಯರ್ಥಿಯಿಂದ ನೇಮಕಾತಿ ಶುಲ್ಕ ವಸೂಲು ಮಾಡಬಾರದೆಂದು ಬ್ರಿಟನ್ನಿನ ಅಂತರರಾಷ್ಟ್ರೀಯ ನೇಮಕಾತಿ ಸಂಹಿತೆಯೇ ಹೇಳುತ್ತದೆ. ಲಕ್ಷಗಟ್ಟಲೆ ಕೇಳುವವರ ಮುಂದೆ ಈ ಮಾತನ್ನು ಧೈರ್ಯವಾಗಿ ಎತ್ತಿ.

ಹೆಸರು ದಾಖಲಾದ ಮೇಲೆ ಅದನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಉಚಿತವಾಗಿ ನೋಡಬಹುದು. ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ಶೇ 2.5ರಷ್ಟು ಮಂದಿಯನ್ನು ಆರಿಸಿ ನಿರಂತರ ಕಲಿಕೆಯ ದಾಖಲೆ ಕೇಳುತ್ತಾರಾದ್ದರಿಂದ, ಸೇರಿದ ಮೊದಲ ವಾರದಿಂದಲೇ ತರಬೇತಿಗಳ ಟಿಪ್ಪಣಿ ಬರೆದಿಡಲು ಆರಂಭಿಸಿ.