‘ಕನ್ನಡ’ದ ಉದ್ದ ಎಷ್ಟು ಎಂದು ಕೇಳುತ್ತಾ

ಪ್ರೋಗ್ರಾಮರುಗಳ ಜೊತೆ ಮಾತಿಗೆ ಕೂತಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ನೀವು ಕೆಲಸ ಮಾಡುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ “ಕನ್ನಡ” ಎಂಬ ಪದದ ಉದ್ದ ಎಷ್ಟು?’ ಹೆಚ್ಚಿನವರು ನಕ್ಕು, ಲ್ಯಾಪ್‌ಟಾಪ್ ತೆರೆದು, ಒಂದು ಸಾಲು ಬರೆದು ನೋಡುತ್ತಾರೆ. ಪೈಥಾನ್‌ನವರಿಗೆ 5 ಸಿಗುತ್ತದೆ. ಗೋ ಬಳಸುವವರಿಗೆ 15. ರಸ್ಟ್‌ನಲ್ಲಿ ನೇರವಾಗಿ ಕೇಳಿದರೆ 15, ಸಂಕೇತಗಳನ್ನು ಎಣಿಸು ಎಂದರೆ 5. ಐಫೋನ್ ಆ್ಯಪ್ ಬರೆಯುವವರ ಸ್ವಿಫ್ಟ್ 4 ಎನ್ನುತ್ತದೆ. ಒಂದನೇ ತರಗತಿಯ ಮಗುವನ್ನು ಕೇಳಿದರೆ ಮಾತ್ರ 3.

ಎಲ್ಲವೂ ಅವರವರ ಲೆಕ್ಕದಲ್ಲಿ ಸರಿ. ಎಲ್ಲ ಲಿಪಿಗಳ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಗುರುತಿಸುವ ಮಾನದಂಡವಾದ ಯೂನಿಕೋಡ್ ಈ ಪದವನ್ನು ಕ, ನ, ಹಲಂತ (‘ನ್’ನಲ್ಲಿ ಸ್ವರವನ್ನು ತೆಗೆಯುವ ಚಿಹ್ನೆ), ನ, ಡ ಎಂದು ಐದು ಸಂಕೇತಗಳಾಗಿ ಇಡುತ್ತದೆ. ಅವನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ ಮೂರು ಬೈಟ್, ಹಾಗಾಗಿ ಹದಿನೈದು. ಸ್ವಾರಸ್ಯ ಇರುವುದು ಆ ನಾಲ್ಕರಲ್ಲಿ. ಕಣ್ಣಿಗೆ ಒಂದಾಗಿ ಕಾಣುವುದನ್ನು ಒಂದೆಂದೇ ಎಣಿಸಬೇಕು ಎಂಬ ನಿಯಮ ಯೂನಿಕೋಡ್‌ನಲ್ಲಿದೆ, ಸ್ವಿಫ್ಟ್ ಎಣಿಸುವುದು ಅದರಂತೆ. 2023ರ 15.1ನೇ ಆವೃತ್ತಿಯಲ್ಲಿ ಅದನ್ನು ಒತ್ತಕ್ಷರಗಳಿಗೂ ವಿಸ್ತರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಆ ಭಾಗ್ಯ ಸಿಕ್ಕಿತು. ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ಮನೆ ತೆಲುಗಿನ ‘ನ್ನ’ ಒಂದಾಯಿತು, ನಮ್ಮದು ‘ನ್’ ಮತ್ತು ‘ನ’ ಎಂದು ಒಡೆದೇ ಉಳಿಯಿತು.

ಇದನ್ನು ಹೇಳಿದಾಗ ಎದುರಿಗಿರುವವರ ಮುಖ ಸ್ವಲ್ಪ ಬದಲಾಗುತ್ತದೆ. ಅಲ್ಲಿಂದ ನಮ್ಮ ಮಾತು ಶುರು.

ನಾನು ಬೆಂಗಳೂರಿನಲ್ಲಿ ತಂತ್ರಾಂಶ ಪರೀಕ್ಷಕ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಹೊಟ್ಟೆಪಾಡು. ನಾಲ್ಕು ವರ್ಷದಿಂದ ಶನಿವಾರ ಭಾನುವಾರಗಳಲ್ಲಿ ಪ್ರೋಗ್ರಾಮರುಗಳನ್ನು ಹುಡುಕಿಕೊಂಡು ಹೋಗಿ, ಹೊಸ ಟೂಲ್‌ಗಳ ಬಗ್ಗೆ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಕ್ಕಾಗಿ ಅವರು ಮಾಡುವ ಸಂಬಳವಿಲ್ಲದ ಕೆಲಸದ ಬಗ್ಗೆ, ಕನ್ನಡದಲ್ಲೇ ಮಾತಾಡಿಸಿ ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿಕೊಂಡು ಬರೆದಿಡುತ್ತಿದ್ದೇನೆ. ನಲವತ್ತು ದಾಟಿದೆ. ಅದರಲ್ಲಿ ಮೊದಲ ಎಂಟು ಯಾವುದಕ್ಕೂ ಬಾರವು.

ಮೊದಲನೆಯದು ಜಯನಗರದ ಒಂದು ದರ್ಶಿನಿಯಲ್ಲಿ. ಇಪ್ಪತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಹೋಗಿದ್ದೆ. ‘ಈ ಟೂಲ್‌ನ ಭವಿಷ್ಯ ಹೇಗಿದೆ?’, ‘ಸಮುದಾಯದ ಪಾತ್ರವೇನು?’ ಇಂಥವು. ಹುಡುಗನ ಗುಣ ಹೇಗೆ ಎಂದು ಅವನ ಸೋದರಮಾವನನ್ನೇ ಕೇಳಿದರೆ ಎಂಥ ಉತ್ತರ ಸಿಗುತ್ತದೋ ಅಂಥವೇ ಸಿಕ್ಕಿದವು. ಮನೆಗೆ ಬಂದು ಕೇಳಿದರೆ ಸ್ಟೀಲ್ ಲೋಟ ತೊಳೆಯುವ ಸದ್ದು ಚೆನ್ನಾಗಿ ಬಂದಿತ್ತು. ಉಳಿದದ್ದರಲ್ಲಿ ಬರೆದಿಡುವಂಥ ಒಂದು ವಾಕ್ಯವೂ ಇರಲಿಲ್ಲ.

ಒಂಬತ್ತನೆಯ ಸಲ ಪಟ್ಟಿ ಮನೆಯಲ್ಲೇ ಮರೆತಿದ್ದೆ. ಎದುರಿಗಿದ್ದವರು ಇಪ್ಪತ್ತು ವರ್ಷದಿಂದ ವಿಮ್ ಬಿಟ್ಟು ಬೇರೆ ಎಡಿಟರ್ ಮುಟ್ಟದ ಹಿರಿಯರು. ಏನು ಕೇಳಬೇಕೋ ತೋಚದೆ, ‘ಸರ್, ಇದನ್ನು ಮೊದಲ ಸಲ ತೆರೆದಾಗ ಪರದೆಯ ಮೇಲೆ ಏನು ಕಂಡಿತ್ತು?’ ಎಂದೆ. ಅವರು ಮಾತಾಡದೆ ವಿಮ್ ತೆರೆದು ತೋರಿಸಿದರು. ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು. ಬ್ರಾಮ್ ಮೋಲೆನಾರ್ 1991ರಲ್ಲಿ ವಿಮ್ ಹೊರತಂದವರು. ಬಳಸುವವರಿಂದ ಅವರು ಕೇಳಿದ್ದು ಆ ಮಕ್ಕಳಿಗೆ ಕೈಲಾದ ದಾನವನ್ನು. ಈ ಹಿರಿಯರು ಮೊದಲ ಸಂಬಳ ಬಂದ ತಿಂಗಳು ಒಂದಿಷ್ಟು ಕಳುಹಿಸಿದ್ದರಂತೆ. 2023ರ ಆಗಸ್ಟ್‌ನಲ್ಲಿ ಮೋಲೆನಾರ್ ತೀರಿಕೊಂಡ ಸುದ್ದಿ ಬಂದಾಗ ಕಚೇರಿಯಲ್ಲಿ ಯಾರಿಗೆ ಹೇಳಬೇಕು ಎಂದು ತಿಳಿಯಲಿಲ್ಲ ಎಂದರು. ಮುಂದಿನ ಜನವರಿಯಲ್ಲಿ ಉಳಿದವರು ಸೇರಿ 9.1ನೇ ಆವೃತ್ತಿಯನ್ನು ಅವರಿಗೇ ಅರ್ಪಿಸಿ ಬಿಡುಗಡೆ ಮಾಡಿದಾಗ, ಇವರು ಅದನ್ನು ಇಳಿಸಿಕೊಂಡು, ಏನೂ ಬರೆಯದೆ ಸ್ವಲ್ಪ ಹೊತ್ತು ಪರದೆ ನೋಡಿಕೊಂಡು ಕೂತಿದ್ದರು.

ಸಮುದಾಯದ ಪಾತ್ರವೇನು ಎಂಬ ನನ್ನ ಪ್ರಶ್ನೆಗೆ ಉತ್ತರ ಆ ದಿನ ಸಿಕ್ಕಿತು, ಅದನ್ನು ಕೇಳದೆಯೇ. ಪಟ್ಟಿಯನ್ನು ಮತ್ತೆ ಮುಟ್ಟಿಲ್ಲ.

ಈಗ ನನ್ನ ಕ್ರಮ ಬೇರೆ. ಹೋಗುವ ಮೊದಲು ಅವರ ಗಿಟ್ ಇತಿಹಾಸ, ಅಂದರೆ ಕೋಡಿನಲ್ಲಿ ಮಾಡಿದ ಬದಲಾವಣೆಗಳ ದಾಖಲೆ, ಸಾರ್ವಜನಿಕವಾಗಿದ್ದರೆ ಕೊನೆಯ ಹತ್ತಿಪ್ಪತ್ತು ಬದಲಾವಣೆ ಓದುತ್ತೇನೆ. ಹೊಸದಾಗಿ ಸೇರಿಸಿದ್ದಕ್ಕಿಂತ ಅಳಿಸಿದ ಸಾಲುಗಳ ಮೇಲೆ ನನ್ನ ಕಣ್ಣು. ಲ್ಯಾಪ್‌ಟಾಪ್ ತೆರೆದಿರಬೇಕು ಎಂದು ಮೊದಲೇ ಹೇಳುತ್ತೇನೆ. ಅಭಿಪ್ರಾಯ ಕೇಳುವುದಿಲ್ಲ, ‘ಹೋದ ವಾರ ಇದರಿಂದ ಏನು ಮಾಡಿದಿರಿ, ತೋರಿಸಿ’ ಎನ್ನುತ್ತೇನೆ. ಬರೆದಾದ ಮೇಲೆ ಅವರಿಗೇ ಕಳುಹಿಸಿ, ಬೇಡವೆಂದದ್ದನ್ನು ತೆಗೆಯುತ್ತೇನೆ. ಒಬ್ಬರ ಕಂಪನಿ ಇಡೀ ಮಾತುಕತೆಯನ್ನೇ ಬೇಡವೆಂದಿತು. ಎರಡು ಗಂಟೆಯ ಒಳ್ಳೆಯ ಮಾತು, ಹೋಗಲಿ.

ಹೀಗೆ ಕೂತಾಗ ಸಿಕ್ಕಿದ ದೊಡ್ಡ ಲಾಭವೆಂದರೆ ಕನ್ನಡದ್ದೇ. ರಸ್ಟ್ ಭಾಷೆಯನ್ನೇ ತೆಗೆದುಕೊಳ್ಳಿ. 2006ರಲ್ಲಿ ಗ್ರೇಡನ್ ಹೋರ್ ಬಿಡುವಿನ ವೇಳೆಯಲ್ಲಿ ಶುರುಮಾಡಿದ್ದು, ಮುಂದೆ ಮೊಜಿಲ್ಲಾದ ಆಸರೆ ಸಿಕ್ಕಿ, 2015ರ ಮೇ 15ರಂದು 1.0 ಆಯಿತು. ಅದರ ಜೀವಾಳ ಒಡೆತನದ ನಿಯಮ. ಪ್ರೋಗ್ರಾಮಿನಲ್ಲಿರುವ ಯಾವ ಮೌಲ್ಯಕ್ಕೂ, ಅಂದರೆ ದತ್ತಾಂಶಕ್ಕೂ, ಒಬ್ಬನೇ ಒಡೆಯ, ಉಳಿದವರು ಎರವಲು ಪಡೆಯಬಹುದು. ಒಂದೇ ಹೊತ್ತಿಗೆ ಎಷ್ಟು ಜನ ಬೇಕಾದರೂ ಓದಬಹುದು, ತಿದ್ದುವುದಾದರೆ ಒಬ್ಬರಿಗೆ ಮಾತ್ರ ಎರವಲು. ಕಲಿಯುವವರು ಇಲ್ಲಿ ವಾರಗಟ್ಟಲೆ ಒದ್ದಾಡುತ್ತಾರೆ.

ಇದನ್ನು ಇಂಗ್ಲಿಷಿನಲ್ಲಿ ಹಲವರು ನನಗೆ ವಿವರಿಸಿದ್ದರು, ತಲೆಯಾಡಿಸಿದ್ದೆ. ಹಾಸನದ ಕಡೆಯ ಒಬ್ಬ ಇಂಜಿನಿಯರ್‌ಗೆ, ‘ಮೇಡಂ, ನಿಮ್ಮ ತಾಯಿಗೆ ಹೇಳುವ ಹಾಗೆ ಹೇಳಿ’ ಎಂದು ಕೇಳಿಕೊಂಡೆ. ಸ್ವಲ್ಪ ಯೋಚಿಸಿ ಅವರೆಂದರು: ‘ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂದೇ ಪೇಪರ್ ಬರುತ್ತಿತ್ತು. ಅಪ್ಪ ಹಿಡಿದುಕೊಂಡಿದ್ದರೆ ಹಿಂದಿನಿಂದ ಅಣ್ಣ, ಪಕ್ಕದಿಂದ ನಾನು, ಎಲ್ಲರೂ ಓದಬಹುದಿತ್ತು. ಆದರೆ ಅಜ್ಜ ಪೆನ್ನು ಹಿಡಿದು ಪದಬಂಧಕ್ಕೆ ಕೂತರೆ ಮುಗಿಯಿತು. ಎಲ್ಲರೂ ಕೈಬಿಡಬೇಕು, ಇಣುಕುವುದಕ್ಕೂ ಇಲ್ಲ.’ ಆಮೇಲೆ ತಾನೇ ಸೇರಿಸಿದರು: ‘ಇನ್ನೊಂದಿದೆ. ಕೊಡುವುದು ಬೇರೆ, ಕೊಟ್ಟುಬಿಡುವುದು ಬೇರೆ. ರಸ್ಟ್‌ನಲ್ಲಿ ಒಂದು ಮೌಲ್ಯವನ್ನು ಹಾಗೆಯೇ ಬೇರೆ ಫಂಕ್ಷನ್‌ಗೆ ದಾಟಿಸಿದರೆ ಅದು ಕೊಟ್ಟುಬಿಟ್ಟ ಹಾಗೆ. ಆಮೇಲೆ ಅದು ನಿಮ್ಮದಲ್ಲ, ಮುಟ್ಟಿದರೆ ಕಂಪೈಲರ್ ಬೈಯುತ್ತದೆ.’

ಈ ‘ಬಿಡು’ ಎಂಬ ಎರಡಕ್ಷರ ಇಡೀ ಅಧ್ಯಾಯದ ಕೆಲಸ ಮಾಡಿತು. ಸಾಲ ಎನ್ನದೆ ಎರವಲು ಎಂದದ್ದನ್ನೂ ಗಮನಿಸಿ. ಸಾಲ ತಂದ ನೋಟನ್ನೇ ಯಾರೂ ಹಿಂತಿರುಗಿಸುವುದಿಲ್ಲ, ಎರವಲು ತಂದ ಒಡವೆಯನ್ನು ಮಾತ್ರ ಅದನ್ನೇ ಹಿಂತಿರುಗಿಸಬೇಕು. ಅವರು ಅದನ್ನು ಯೋಚಿಸಿ ಆರಿಸಿದ್ದರೋ, ಬಾಯಿಗೆ ಬಂದದ್ದೋ ಕೇಳಲು ಮರೆತೆ.

ಈಗ ಎಲ್ಲರೂ ಮಾತಾಡುವ ಕೃತಕ ಬುದ್ಧಿಮತ್ತೆಯ ವಿಷಯ. 2021ರಲ್ಲಿ ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ ಮೊದಲು ಕಾಣಿಸಿಕೊಂಡಾಗಿನಿಂದ ಇದನ್ನು ಕೇಳದೆ ಯಾವ ಮಾತೂ ಮುಗಿದಿಲ್ಲ. ಇಲ್ಲಂತೂ ಅಭಿಪ್ರಾಯ ಕೇಳಿ ಬರೆದರೆ ಬರೆದದ್ದು ವ್ಯರ್ಥ. 2025ರ ಜುಲೈನಲ್ಲಿ ಮೆಟರ್ ಎಂಬ ಸಂಶೋಧನಾ ಸಂಸ್ಥೆ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. 16 ಮಂದಿ ಅನುಭವಿ ಮುಕ್ತ ತಂತ್ರಾಂಶ ಪ್ರೋಗ್ರಾಮರುಗಳು, ತಮಗೆ ಚೆನ್ನಾಗಿ ಗೊತ್ತಿರುವ ಯೋಜನೆಗಳಲ್ಲಿ 246 ಕೆಲಸಗಳು. ಕೆಲವಕ್ಕೆ ಎಐ ಬಳಸಲು ಅವಕಾಶ, ಕೆಲವಕ್ಕೆ ಇಲ್ಲ. ಅವಕಾಶವಿದ್ದಾಗ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಎಲ್ಲ ಮುಗಿದ ಮೇಲೆ ಅವರನ್ನು ಕೇಳಿದರೆ, ಶೇ. 20ರಷ್ಟು ಬೇಗ ಆಯಿತು ಎಂದರು. ಆಗಿನ ಟೂಲ್‌ಗಳ ಮಾತು ಅದು, ಈಗಿನವು ಬೇರೆ ಇರಬಹುದು. ನನಗೆ ಮುಖ್ಯವಾದದ್ದು ಆ ಎರಡನೆಯ ಅಂಕಿ. ಕೈಯಾರೆ ಕೆಲಸ ಮಾಡಿದವರಿಗೇ ತಮ್ಮ ವೇಗ ತಿಳಿಯದಿದ್ದರೆ, ಎದುರು ಕೂತು ‘ಹೇಗನ್ನಿಸುತ್ತದೆ?’ ಎಂದು ಕೇಳುವ ನನಗೆ ಸಿಗುವ ಉತ್ತರಕ್ಕೆ ಏನು ಬೆಲೆ?

ಹುಬ್ಬಳ್ಳಿಯ ಯುವಕನೊಬ್ಬ ತೋರಿಸಿದ್ದನ್ನು ಹೇಳುತ್ತೇನೆ. ಬಿಲ್ಲಿಂಗ್ ತಂತ್ರಾಂಶ. ನೂರು ರೂಪಾಯಿಯ ಸಾಮಾನಿಗೆ ಶೇ. 18 ಜಿಎಸ್‌ಟಿ ಸೇರಿ 118 ಬರಬೇಕು ಎಂದು ಪರೀಕ್ಷೆ ಬರೆದಿತ್ತು. ಲೆಕ್ಕದಲ್ಲಿ ಎಲ್ಲೋ ತಪ್ಪಿ 100 ಬರುತ್ತಿತ್ತು, ಪರೀಕ್ಷೆ ಕೆಂಪು. ‘ಇದನ್ನು ಸರಿಮಾಡು’ ಎಂದು ಎಐಗೆ ಒಪ್ಪಿಸಿ ಚಹಾ ಕುಡಿಯಲು ಹೋದ. ಬಂದು ನೋಡಿದರೆ ಎಲ್ಲ ಹಸಿರು. ಅದು ಲೆಕ್ಕವನ್ನು ಮುಟ್ಟಿರಲಿಲ್ಲ, ಪರೀಕ್ಷೆಯಲ್ಲಿದ್ದ 118ನ್ನು 100 ಎಂದು ತಿದ್ದಿತ್ತು. ತೂಕ ಸರಿಬರಲಿಲ್ಲವೆಂದು ತಕ್ಕಡಿಯ ಕಲ್ಲನ್ನೇ ಕೆತ್ತಿದ ಹಾಗೆ. ನಾನು ಪರೀಕ್ಷಕ ತಾನೇ, ಜೋರಾಗಿ ನಕ್ಕೆ. ಅವನು ನಗಲಿಲ್ಲ. ‘ಸರ್, ಇದನ್ನು ಕಂಡದ್ದಕ್ಕೆ ಹೇಳುತ್ತಿದ್ದೇನೆ. ಕಾಣದ್ದು ಎಷ್ಟಿದೆಯೋ’ ಎಂದ. ಹಾಗೆಂದು ಅವನು ಆ ಟೂಲ್ ಬಿಟ್ಟಿಲ್ಲ. ಪರೀಕ್ಷೆಗಳಿರುವ ಫೋಲ್ಡರ್ ಅದರ ಕೈಗೆ ಸಿಗದಂತೆ ಬೀಗ ಹಾಕಿದ್ದಾನೆ. ಎಐ ಬಗ್ಗೆ ನನಗೆ ಸಿಕ್ಕ ಮಾತುಗಳಲ್ಲಿ ಉಪಯೋಗಕ್ಕೆ ಬಂದದ್ದು ಈ ಬೀಗದ ವಿಚಾರ. ನಾನೂ ಕಚೇರಿಯಲ್ಲಿ ಹಾಕಿಸಿದೆ.

ಸಮುದಾಯದ ಕೆಲಸದ ಬಗ್ಗೆ ಮಾತು ತೆಗೆಯುವುದು ಇದಕ್ಕಿಂತ ಕಷ್ಟ. ಎಲ್ಲರೂ ಒಮ್ಮೆಲೇ ವಿನಯವಂತರಾಗುತ್ತಾರೆ. ಒಬ್ಬ ಹುಡುಗ ಮಾತ್ರ ತಾನಾಗಿ ಒಪ್ಪಿಕೊಂಡ. ಮುಕ್ತ ತಂತ್ರಾಂಶಕ್ಕೆ ಕೈಜೋಡಿಸಲು ಅಕ್ಟೋಬರ್‌ನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ, ನಾಲ್ಕು ಬದಲಾವಣೆ ಕಳುಹಿಸಿದರೆ ಟಿ-ಶರ್ಟ್ ಸಿಗುತ್ತಿತ್ತು. ಕಾಲೇಜಿನಲ್ಲಿದ್ದ ಇವನು, ಯಾರದೋ ಯೋಜನೆಯ ಪರಿಚಯಪುಟಕ್ಕೆ ‘ಅದ್ಭುತ’ ಎಂಬ ವಿಶೇಷಣ ಸೇರಿಸಿ ಕಳುಹಿಸಿದ್ದ. ಆ ವರ್ಷ ಇಂಥವರ ಹಾವಳಿ ಎಷ್ಟಾಯಿತೆಂದರೆ, ಒಪ್ಪಿಗೆ ಸೂಚಿಸಿದ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ಅಕ್ಟೋಬರ್‌ನಲ್ಲೇ ನಿಯಮ ಬದಲಿಸಬೇಕಾಯಿತು. ಇವನಿಗೆ ಟಿ-ಶರ್ಟ್ ಬರಲಿಲ್ಲ, ‘ದಯವಿಟ್ಟು ನಮ್ಮ ಸಮಯ ಹಾಳುಮಾಡಬೇಡಿ’ ಎಂಬ ಸಾಲು ಬಂತು. ಈಗ ಅವನು ತಂತ್ರಾಂಶಗಳ ಕನ್ನಡ ಅನುವಾದ ಪರಿಶೀಲಿಸುತ್ತಾನೆ. ‘0 ಕಡತ’ ಎನ್ನಬೇಕೋ ‘0 ಕಡತಗಳು’ ಎನ್ನಬೇಕೋ ಎಂಬುದರ ಮೇಲೆ ಒಂದು ಇಡೀ ಸಂಜೆ ಕಳೆದದ್ದನ್ನು ಹೇಳಿದ. ಇಂಗ್ಲಿಷಿನಲ್ಲಿ ಸೊನ್ನೆಗೆ ಬಹುವಚನ. ಯೂನಿಕೋಡ್‌ನವರ ಭಾಷಾ ದತ್ತಾಂಶದಲ್ಲಿ ಕನ್ನಡದ ಸೊನ್ನೆ ಏಕವಚನದ ಪಂಕ್ತಿಯಲ್ಲಿ ಕೂರುತ್ತದೆ. ಹಳೆಯ ಕಡತಗಳಲ್ಲಿ ಯಾರೋ ಇಂಗ್ಲಿಷ್ ನಿಯಮವನ್ನೇ ನಕಲು ಮಾಡಿದ್ದರು. ತಿದ್ದಿದ್ದು ಎರಡೇ ಚಿಹ್ನೆ.

ಇನ್ನೊಂದು ಪ್ರಶ್ನೆ 2024ರಿಂದ ನನ್ನ ಜೋಳಿಗೆ ಸೇರಿತು. ಆ ಮಾರ್ಚ್ ಕೊನೆಯಲ್ಲಿ ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿತು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹಿಡಿದವರು ಆಂಡ್ರೆಸ್ ಫ್ರಾಯಿಂಡ್. ಅದನ್ನು ವರ್ಷಾನುಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡಿದ್ದ ಲಾಸೆ ಕೊಲಿನ್, ತನ್ನ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸ ಎಂದು 2022ರಲ್ಲೇ ಬರೆದುಕೊಂಡಿದ್ದರು. ಸಹಾಯಕ್ಕೆ ಬಂದವನಂತೆ ಬಂದು ನಂಬಿಕೆ ಗಳಿಸಿದವನೇ ಒಳಗಿನಿಂದ ಕನ್ನ ಕೊರೆದಿದ್ದ. ಅದಾದ ಮೇಲೆ ಯಾರನ್ನು ಕಂಡರೂ, ‘ನಿಮ್ಮ ಯೋಜನೆಯ ಇನ್ನೊಂದು ಕೀಲಿಕೈ ಯಾರ ಬಳಿ ಇದೆ?’ ಎಂದು ಕೇಳುತ್ತೇನೆ. ಬಹುತೇಕ ಉತ್ತರ ಮೌನ. ಮೈಸೂರಿನಲ್ಲಿ ಒಂದು ಸಣ್ಣ ಕೋಡ್ ಲೈಬ್ರರಿ ನೋಡಿಕೊಳ್ಳುವ ಒಬ್ಬರು ಹೇಳಿದರು: ‘ಹೆರಿಗೆಯಾದಾಗ ಮೂರು ತಿಂಗಳು ಕಂಪ್ಯೂಟರ್ ಮುಟ್ಟಲಿಲ್ಲ. ಆಮೇಲೆ ತೆರೆದರೆ ನಲವತ್ತೇಳು ದೂರು. ಒಂದರಲ್ಲಿ ಮಾತ್ರ “ನೀವು ಹುಷಾರಾಗಿದ್ದೀರಾ?” ಎಂದಿತ್ತು. ಕೀಲಿಕೈ ಅವರಿಗೇ ಕೊಟ್ಟೆ.’ ಅವರನ್ನು ಇವರು ಈವರೆಗೆ ಮುಖತಃ ಕಂಡಿಲ್ಲ. ಎಕ್ಸ್‌ಝಡ್ ಕಥೆ ಗೊತ್ತಿದ್ದೂ ಕೊಟ್ಟಿರಾ ಎಂದೆ. ‘ಇನ್ನೇನು ಮಾಡಲಿ, ಹೇಳಿ?’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ, ಇಂದಿಗೂ ಇಲ್ಲ.

ಹೊರಡುವ ಹೊತ್ತಿಗೆ ಅವರು ನನಗೇ ತಿರುಗಿ ಕೇಳಿದರು: ‘ಇಷ್ಟೆಲ್ಲ ಜನರನ್ನು ಮಾತಾಡಿಸುತ್ತೀರಿ. ನೀವು ಯಾವ ಯೋಜನೆಗೆ ಏನು ಕಳುಹಿಸಿದ್ದೀರಿ?’

ಏನೂ ಇಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಮುಖ ಬಿಸಿಯಾಗಿತ್ತು. ದಿನಾ ಬಳಸುವ ಒಂದು ಪುಟ್ಟ ಟೂಲ್ ಹೆಸರುಗಳನ್ನು ಸ್ವಿಫ್ಟ್‌ನ ಹಾಗೆಯೇ ಎಣಿಸಿ ಆರರ ಅಂಕಣದಲ್ಲಿ ಜೋಡಿಸುತ್ತದೆ, ಉದ್ದವಾದರೆ ಐದಕ್ಕೆ ಕತ್ತರಿಸಿ ಚುಕ್ಕಿ ಹಾಕುತ್ತದೆ. ಅದರಲ್ಲಿ ನಮ್ಮ ವಿಜಯಲಕ್ಷ್ಮಿ ವರ್ಷಗಳಿಂದ ‘ವಿಜಯಲಕ್…’ ಆಗಿಯೇ ಇದ್ದಳು. ಎಲ್ಲರಿಗೂ ಒಗಟು ಹಾಕುತ್ತಿದ್ದವನಿಗೆ ಇದು ಕಂಡಿರಲಿಲ್ಲವೆಂದಲ್ಲ, ಯಾರಾದರೂ ಮಾಡಿಯಾರು ಎಂದುಕೊಂಡಿದ್ದೆ. ಆ ರಾತ್ರಿ ಕೂತೆ. ತುಂಡಿನ ಕೊನೆಗೆ ಹಲಂತ ಉಳಿದರೆ, ಅದು ಕೂತಿರುವ ಅಕ್ಷರವನ್ನೂ ಬಿಟ್ಟು ಹಿಂದಕ್ಕೆ ಸರಿ. ನಾಲ್ಕು ಸಾಲು. ‘ವಿಜಯಲ…’ ಆಯಿತು, ನೋಡುವಂತಾಯಿತು.

ಕಳುಹಿಸಿ ಮೂರು ವಾರ ಸದ್ದಿಲ್ಲ. ಆಮೇಲೆ ಪರಿಶೀಲಕರೊಬ್ಬರು, ಬೇರೆ ದೇಶದವರು, ಬರೆದರು: ತೆಲುಗಿನಲ್ಲಿ ಈ ತೊಂದರೆ ಬರುತ್ತಿಲ್ಲ, ಕನ್ನಡದಲ್ಲಿ ಮಾತ್ರ ಏಕೆ? 15.1ರ ಪಟ್ಟಿಯ ಕಥೆಯನ್ನು ನಾಲ್ಕು ಸಾಲಿನ ಬದಲಾವಣೆಗೆ ನಲವತ್ತು ಸಾಲಿನಲ್ಲಿ ವಿವರಿಸಿದೆ. ಮರುದಿನ ಉತ್ತರ ಬಂತು. ಪರೀಕ್ಷೆಗೆ ಇದೊಂದು ಹೆಸರು ಸಾಲದು, ಮೂರು ವ್ಯಂಜನ ಒಟ್ಟಿಗೆ ಸೇರಿದ ಸಣ್ಣ ಪದ ಇದ್ದರೆ ಕೊಡಿ ಎಂದು. ‘ರಾಷ್ಟ್ರ’ ಎಂದು ಬರೆದೆ. ಬೈಟ್ 21, ಸಂಕೇತ 7, ಸ್ವಿಫ್ಟ್‌ನ ಲೆಕ್ಕದಲ್ಲಿ 4, ಓದುವವರಿಗೆ 2. ಅವರು ಅದನ್ನೂ ಸೇರಿಸಿ, ಒಪ್ಪಿಕೊಂಡು, ಕೆಳಗೆ ಒಂದು ಪ್ರಶ್ನೆ ಹಾಕಿದ್ದರು: ‘ಇದನ್ನು ಉಚ್ಚರಿಸುವುದು ಹೇಗೆ?’ ಮೊಬೈಲ್‌ನಲ್ಲಿ ಮುದ್ರಿಸಿ ಕಳುಹಿಸಿದೆ.