ಫೋನ್ ಅಪ್‌ಡೇಟ್ ಆದ ಮೇಲೆ ಕಾಲೇಜಿನ ವೈಫೈ: 'ಫರ್ಗೆಟ್' ಒತ್ತುವ ಮೊದಲು

ವೈಫೈ ಕೈಕೊಟ್ಟರೆ ಎಲ್ಲರೂ ಕೊಡುವ ಸಲಹೆ ಒಂದೇ: ಫರ್ಗೆಟ್ ಒತ್ತು, ಮತ್ತೆ ಸೇರಿಸು. ಕಾಲೇಜು, ಆಫೀಸಿನ ವೈಫೈಗೆ ಮಾತ್ರ ಈ ಸಲಹೆ ಕೇಳಬೇಡಿ. ನಾನು ಕೋಲಾರದ ಒಂದು ಕಾಲೇಜಿನಲ್ಲಿ ಲ್ಯಾಬ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಆಂಡ್ರಾಯ್ಡ್ ಅಪ್‌ಡೇಟ್ ಆದ ಮೇಲೆ "ಸಾರ್, ವೈಫೈ ಬರ್ತಿಲ್ಲ" ಎಂದು ಬಂದವರಲ್ಲಿ ಹೆಚ್ಚಿನವರು ಫರ್ಗೆಟ್ ಒತ್ತಿಯೇ ಬಂದಿದ್ದರು. ಒತ್ತದೇ ಇದ್ದವರ ಫೋನು ಅದೇ ಅಪ್‌ಡೇಟ್ ಆಗಿದ್ದರೂ ಆರಾಮಾಗಿ ಓಡುತ್ತಿತ್ತು.

ನಮ್ಮದು ಮನೆಯಲ್ಲಿರುವ ಹಾಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವ ವೈಫೈ ಅಲ್ಲ. ಡಬ್ಲ್ಯುಪಿಎ2 ಎಂಟರ್‌ಪ್ರೈಸ್. ಪ್ರತಿ ವಿದ್ಯಾರ್ಥಿಗೂ ಅವರದೇ ಯೂಸರ್‌ನೇಮ್, ಪಾಸ್‌ವರ್ಡ್. ಅದನ್ನು ಪರೀಕ್ಷಿಸಲು ಹಿಂದೆ ಒಂದು ರೇಡಿಯಸ್ ಸರ್ವರ್ ಇರುತ್ತದೆ. ನಮ್ಮಲ್ಲಿ ಅದು ಉಬುಂಟು ಲಿನಕ್ಸ್ ಮೇಲೆ ಓಡುವ ಫ್ರೀರೇಡಿಯಸ್ ಎಂಬ ಸಾಫ್ಟ್‌ವೇರ್. ಫೋನು ಮೊದಲು ಸರ್ವರ್‌ನ ಸರ್ಟಿಫಿಕೇಟ್, ಅಂದರೆ ಅದರ ಡಿಜಿಟಲ್ ಗುರುತಿನ ಚೀಟಿ ನೋಡಿ, ಇದು ಅಸಲಿ ಸರ್ವರೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಪಾಸ್‌ವರ್ಡ್ ಮಾತು ಆಮೇಲೆ. ಆ ಚೀಟಿಗೆ ಸಹಿ ಹಾಕುವ ಪ್ರಾಧಿಕಾರವೇ ಸಿಎ. ಆದರೆ ಎಲ್ಲರೂ 'ಸಿಎ ಸರ್ಟಿಫಿಕೇಟ್' ಅನ್ನೋ ಕಡೆ 'ಡೋಂಟ್ ವ್ಯಾಲಿಡೇಟ್' (ಪರೀಕ್ಷಿಸಬೇಡ) ಆರಿಸಿ ಮುಂದೆ ಹೋಗುತ್ತಿದ್ದರು. 2020ರ ಡಿಸೆಂಬರ್ ಅಪ್‌ಡೇಟ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಂದ ಆ ಆಯ್ಕೆಯನ್ನೇ ತೆಗೆದುಹಾಕಿತು. ಆಮೇಲೆ ಬೇರೆ ಕಂಪನಿಗಳ ಫೋನುಗಳಲ್ಲೂ ಅದು ಮಾಯವಾಗುತ್ತಾ ಬಂತು. ಮೊದಲೇ ಸೇವ್ ಆಗಿದ್ದ ಸಂಪರ್ಕ ಹಾಗೇ ಓಡುತ್ತಿತ್ತು. ಫರ್ಗೆಟ್ ಒತ್ತಿ ಹೊಸದಾಗಿ ಸೇರಿಸಲು ಹೋದವರಿಗೆ ಮಾತ್ರ ಆ ಆಯ್ಕೆ ಸಿಗುತ್ತಿರಲಿಲ್ಲ. ನಮ್ಮ ಹುಡುಗರಲ್ಲಿ ಪಿಕ್ಸೆಲ್ ಇಟ್ಟುಕೊಂಡವರು ಅಪರೂಪ. ಹಾಗಾಗಿ ನಮಗೆ ಬಿಸಿ ತಟ್ಟಿದ್ದು ತಡವಾಗಿ.

ಗೂಗಲ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಖಾತ್ರಿ ಮಾಡಿಕೊಳ್ಳದ ಫೋನು, ಗುರುತಿನ ಚೀಟಿ ಕೇಳದೆ ಮೀಟರ್ ನೋಡುವವನನ್ನು ಮನೆಯೊಳಗೆ ಬಿಟ್ಟ ಹಾಗೆ. ಕ್ಯಾಂಟೀನ್ ಪಕ್ಕ ಯಾರೋ ನಮ್ಮದೇ ಹೆಸರಿನ ನಕಲಿ ವೈಫೈ ಎಬ್ಬಿಸಿದರೆ ಸಾಕು, ಫೋನು ತಾನಾಗಿ ಹೋಗಿ ಅಂಟಿಕೊಳ್ಳುತ್ತದೆ. ಪಾಸ್‌ವರ್ಡ್ ಪರೀಕ್ಷಿಸಲು ನಾವು ಬಳಸುವ ಎಂಎಸ್‌ಚಾಪ್‌ವಿ2 ವಿಧಾನ ಎಷ್ಟು ಬಡವಾದದ್ದು ಎಂದು 2012ರ ಡೆಫ್‌ಕಾನ್ ಹ್ಯಾಕರ್ ಸಮ್ಮೇಳನದಲ್ಲಿ ಭದ್ರತಾ ತಜ್ಞರಾದ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ತೋರಿಸಿಕೊಟ್ಟಿದ್ದರು. ಪಾಸ್‌ವರ್ಡ್ ಎಷ್ಟೇ ಉದ್ದ ಇರಲಿ, ಒಡೆಯುವ ಕೆಲಸ ಡಿಇಎಸ್ ಎಂಬ ಹಳೇ ಗೂಢಲಿಪಿಯ ಒಂದೇ ಒಂದು 56 ಬಿಟ್ ಕೀ ಹುಡುಕುವಷ್ಟಕ್ಕೆ ಇಳಿಯುತ್ತದೆ.

ಸರಿ, ರೋಗ ಹಿಡಿದದ್ದು ಹೇಗೆ? ಫೋನನ್ನು ನೋಡುತ್ತಾ ಕೂತರೆ ಏನೂ ಗೊತ್ತಾಗಲ್ಲ. ಅದು ಸುಮ್ನೆ ಪಾಸ್‌ವರ್ಡ್ ತಪ್ಪು ಅನ್ನೋ ಥರ ನಾಟಕ ಮಾಡುತ್ತದೆ. ಸಂಜೆ ಎಲ್ಲರೂ ಹೋದ ಮೇಲೆ ಫ್ರೀರೇಡಿಯಸ್ ಸೇವೆಯನ್ನು ನಿಲ್ಲಿಸಿ, ಡೀಬಗ್ ಮೋಡ್‌ನಲ್ಲಿ ಎಬ್ಬಿಸಿದೆ. ಆಜ್ಞೆಯ ಮುಂದೆ ಮೈನಸ್ ದೊಡ್ಡ ಎಕ್ಸ್ ಹಾಕಿದರೆ ಸಾಕು. ಒಂದು ಫೋನಿನಿಂದ ಸಂಪರ್ಕಿಸಿದಾಗ ಬಂದ ಸಾಲು: 'ಟಿಎಲ್‌ಎಸ್ ಅಲರ್ಟ್ ರೀಡ್, ಫೇಟಲ್, ಅನ್‌ನೋನ್ ಸಿಎ', ಅಂದರೆ ಸಹಿ ಹಾಕಿದ ಸಿಎ ಯಾರೋ ಗೊತ್ತಿಲ್ಲ ಎಂಬ ದೂರು. ಇದರಲ್ಲಿ 'ರೀಡ್' ಅನ್ನೋದೇ ಮುಖ್ಯ. ಅಂದರೆ ಆ ದೂರನ್ನು ಫೋನು ಕಳಿಸಿದೆ, ಸರ್ವರ್ ಓದಿದೆ. ಬಾಗಿಲು ಹಾಕಿಕೊಂಡದ್ದು ಫೋನು. ಪಾಸ್‌ವರ್ಡ್ ಸರ್ವರ್‌ವರೆಗೆ ಬಂದೇ ಇಲ್ಲ.

ಸರ್ವರ್‌ನಲ್ಲಿ ಇದ್ದದ್ದು ಉಬುಂಟು ತಾನಾಗಿ ಹುಟ್ಟಿಸುವ 'ಸ್ನೇಕ್‌ಆಯಿಲ್' ಸರ್ಟಿಫಿಕೇಟ್. ತನಗೆ ತಾನೇ ಸಹಿ ಹಾಕಿಕೊಂಡದ್ದು. ಅದನ್ನು ಬಿಟ್ಟು ಕಾಲೇಜಿನದೇ ಒಂದು ಸಿಎ ಮಾಡಿದೆ. ಫ್ರೀರೇಡಿಯಸ್‌ನ ಸರ್ಟ್ಸ್ ಫೋಲ್ಡರ್‌ನಲ್ಲಿ ಅದಕ್ಕೆ ಬೇಕಾದ ಮೇಕ್‌ಫೈಲ್ (ಆಜ್ಞೆಗಳ ಪಟ್ಟಿ) ಸಿದ್ಧವಾಗೇ ಇರುತ್ತದೆ. ಅದು ಮಾಡುವ ಸರ್ಟಿಫಿಕೇಟ್‌ನ ಮಾಮೂಲಿ ಅವಧಿ 60 ದಿನ, ಮೊದಲು ಅದನ್ನು ಬದಲಿಸಿ. ಸಿಎಗೆ ನಾನು 10 ವರ್ಷ ಕೊಟ್ಟೆ. ಸರ್ವರ್ ಸರ್ಟಿಫಿಕೇಟ್‌ಗೆ ಎರಡೇ ವರ್ಷ, ಯಾಕೆಂದರೆ ಆಪಲ್ 2019ರಿಂದ 825 ದಿನಕ್ಕಿಂತ ಜಾಸ್ತಿ ಅವಧಿಯದನ್ನು ಒಪ್ಪುವುದಿಲ್ಲ. ಸರ್ವರ್ ಹೆಸರು ಸರ್ಟಿಫಿಕೇಟ್‌ನೊಳಗಿನ ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಎಂಬ ಜಾಗದಲ್ಲಿ ಡೊಮೈನ್ ರೂಪದಲ್ಲೇ ಇರಬೇಕು. ಹೊಸ ಆಂಡ್ರಾಯ್ಡ್‌ನಲ್ಲಿ 'ಡೊಮೈನ್' ಜಾಗ ಖಾಲಿ ಬಿಟ್ಟರೆ ಸೇವ್ ಬಟನ್ನೇ ಬೆಳಗುವುದಿಲ್ಲ. ಅಲ್ಲಿ ತುಂಬಿದ್ದು ಈ ಹೆಸರಿಗೆ ಹೊಂದಬೇಕು.

ಫೋನುಗಳಿಗೆ ಹಾಕಿಸುವುದೇ ನಿಜವಾದ ತಲೆನೋವು. ಸಿಎ ಫೈಲಿನಲ್ಲಿ ಗುಟ್ಟೇನೂ ಇಲ್ಲ, ಹಾಗಾಗಿ ನೋಟಿಸ್ ಬೋರ್ಡ್‌ನಲ್ಲಿ ಕ್ಯೂಆರ್ ಕೋಡ್ ಅಂಟಿಸಿದೆ. ಮುಳಬಾಗಿಲು, ಬಂಗಾರಪೇಟೆಯಿಂದ ಓಡಾಡುವ ಹುಡುಗರು ಅದರ ಫೋಟೋ ಹಂಚಿಕೊಂಡು, ಬಸ್ಸಿನಲ್ಲೇ ಫೈಲ್ ಇಳಿಸಿಕೊಂಡು ಬಂದರು. ಆದರೆ ಅರ್ಧ ಜನ ಅದನ್ನು 'ಸಿಎ ಸರ್ಟಿಫಿಕೇಟ್' ಎಂದು ಇನ್‌ಸ್ಟಾಲ್ ಮಾಡಿ, ಫೋನು ಹೆದರಿಸಿದ್ದಕ್ಕೆ ಓಡಿ ಬಂದರು! ಅದು ಆ್ಯಪ್ ಮತ್ತು ವಿಪಿಎನ್‌ಗೆ. ನಮಗೆ ಬೇಕಾದ್ದು ಅದರ ಕೆಳಗಿರುವ 'ವೈಫೈ ಸರ್ಟಿಫಿಕೇಟ್'. ಹಾಗೆ ಹಾಕಿದರೆ ಮಾತ್ರ ವೈಫೈ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. ಎರಡನೇ ಪೋಸ್ಟರನ್ನು ಕನ್ನಡದಲ್ಲೇ ಬರೆದು, ಮೆನು ಹೆಸರುಗಳನ್ನಷ್ಟೇ ಫೋನಿನಲ್ಲಿ ಕಾಣುವ ಹಾಗೆ ಇಂಗ್ಲಿಷ್‌ನಲ್ಲಿ ಬಿಟ್ಟೆ. ಆಮೇಲೆ ಲ್ಯಾಬ್ ಮುಂದಿನ ಸಾಲು ಕರಗಿತು.

ಆಂಡ್ರಾಯ್ಡ್ 13ರಿಂದ ಕೆಲವು ಫೋನುಗಳಲ್ಲಿ 'ಟ್ರಸ್ಟ್ ಆನ್ ಫಸ್ಟ್ ಯೂಸ್' ಬಂದಿದೆ. ಮೊದಲ ಸಲ ಸರ್ಟಿಫಿಕೇಟ್ ತೋರಿಸಿ ನಂಬಲಾ ಎಂದು ಕೇಳುತ್ತದೆ. ಓದದೆ ಹೂಂ ಅನ್ನೋರೇ ಜಾಸ್ತಿ ಅಲ್ವಾ? ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಸಿಎ ಸಹಿ ಹಾಕಲು ಬಳಸುವ ಗುಟ್ಟಿನ ಖಾಸಗಿ ಕೀಯನ್ನು ಸರ್ವರ್‌ನಲ್ಲಿ ಇಟ್ಟಿಲ್ಲ. ಎರಡು ಪೆನ್‌ಡ್ರೈವ್‌ಗೆ ಹಾಕಿ ಆಫೀಸಿನ ಬೀರುವಿನಲ್ಲಿ ಇರಿಸಿದ್ದೇನೆ. ಸರ್ವರ್ ಸರ್ಟಿಫಿಕೇಟ್ ಮುಗಿಯುವಾಗ ಅದೇ ಸಿಎಯಿಂದ, ಅದೇ ಹೆಸರಿಗೆ ಹೊಸದು ಮಾಡಿದರಾಯಿತು, ಸಿಎ ಹಾಕಿಸಿಕೊಂಡ ಆಂಡ್ರಾಯ್ಡ್ ಫೋನುಗಳನ್ನು ಮತ್ತೆ ಮುಟ್ಟಬೇಕಿಲ್ಲ.