ಮಿಸ್ ಲೂ ಪದ್ಯಗಳು ಧಾರವಾಡದ ಮಾತಿಗೆ ಕೂತದ್ದು ಹೀಗೆ

ಜಮೈಕಾದ ಆಡುಮಾತಿನ ಕವಿ ಲೂಯಿಸ್ ಬೆನೆಟ್, ಅಂದರೆ ಮಿಸ್ ಲೂ (1919–2006) ಪದ್ಯಗಳನ್ನು ನಮ್ಮ ಆಡುಮಾತಿಗೆ ತರುತ್ತೇನೆಂದಾಗ "ಅದು ಹಾಸ್ಯ ಐತ್ರಿ, ಕಾವ್ಯ ಅಲ್ಲ" ಅಂದವರೇ ಹೆಚ್ಚು. ಆಕೆಯ ನಾಡಿನವರೂ ಕಡಿಮೆಯೇನಲ್ಲ: 1962ರಲ್ಲಿ ಜಮೈಕಾದ ಸ್ವಾತಂತ್ರ್ಯಕ್ಕೆಂದು ತಂದ ಸಾಹಿತ್ಯ ಸಂಕಲನದಲ್ಲಿ ಮಿಸ್ ಲೂಗೆ ಸಿಕ್ಕಿದ್ದು ಕೊನೆಯ 'ಇತರೆ' ವಿಭಾಗ. ಈಗ ನನ್ನ ಹದಿನೈದಿಪ್ಪತ್ತು ಪದ್ಯ ವೇದಿಕೆ ಮೇಲೆ ನಿಂತಿವೆ, ಜನ ನಗಬೇಕಾದಲ್ಲೇ ನಗುತ್ತಾರೆ.

ಮೊದಲು ಕೈಕೊಟ್ಟದ್ದು ಛಂದಸ್ಸು. ಆಕೆಯದು ಬ್ಯಾಲಡ್ ಚೌಪದಿ: ನಾಲ್ಕು ಪೆಟ್ಟು, ಮೂರು ಪೆಟ್ಟು, ಮತ್ತೆ ನಾಲ್ಕು, ಮೂರು, ಪ್ರಾಸ ಎರಡನೇ, ನಾಲ್ಕನೇ ಸಾಲಿಗೆ. ಮುಕ್ತಛಂದದ ಕರಡು ಪತ್ರಿಕಾ ವರದಿಯಂತಾಯಿತು. ಆದಿಪ್ರಾಸ ಹಾಕಿದರೆ ಸಂತೆಯ ಹೆಂಗಸು ಪಂಡಿತೆಯಾದಳು. ಕೊನೆಗೆ ಕೂತದ್ದು ನಾಲ್ಕು ಮಾತ್ರೆಯ ಗಣ: 16, 14, 16, 14, ಜತೆಗೆ ಅಂತ್ಯಪ್ರಾಸ. 14ರ ಸಾಲು ಮುಗಿದ ಮೇಲಿನ ಎರಡು ಮಾತ್ರೆ ಖಾಲಿ ಬಿಡಬೇಕು, ನಗು ಬೀಳುವುದೇ ಅಲ್ಲಿ. ತುಂಬಿಸಿದರೋ, ಪದ್ಯ ಮುಗಿಯಿತು.

ಆಕೆಯ ಆಡುಮಾತಿನ ಪದ್ಯ ಶುರುವಾದದ್ದು ಕಿಂಗ್‌ಸ್ಟನ್ ಟ್ರಾಮಿನಲ್ಲಿ. ಚೆಂದ ಉಟ್ಟು ಹತ್ತಿದ ಹುಡುಗಿ ಬೆನೆಟ್‌ಗೆ ಜಾಗ ಸಿಗದಿರಲೆಂದು ಹಿಂದಿನ ಬೆಂಚಿನ ಸಂತೆಯವಳು ಜೊತೆಯವಳಿಗೆ ಹರಡಿ ಕೂರಲು ಹೇಳಿದಳಂತೆ. ನನ್ನಲ್ಲಿ ಅದು "ಅಗಲಾಗಿ ಕುಂದ್ರಬೇ ಲೈಜಾ" (4+4+4+2). ಲೈಜಾಳನ್ನು ಲಕ್ಷ್ಮವ್ವ ಮಾಡಲಿಲ್ಲ. ಹೆಸರು, ಊರು, ತಿನಿಸು ಜಮೈಕಾದ್ದೇ; ಮಾತಿನ ಗತ್ತು ಮಾತ್ರ ಇಲ್ಲಿಯದು. ಎರಡನ್ನೂ ಬದಲಿಸಿದರೆ ಟ್ರಾಮು ಹುಬ್ಬಳ್ಳಿ ಬಸ್ಸಾಗಿ, ಜಮೈಕಾವನ್ನಾಳಿದ ಬ್ರಿಟಿಷರ ಸಂಗತಿಯೇ ಹಾರಿಹೋಗುತ್ತದೆ.

ಸತಾಯಿಸಿದ್ದು 'ಕಾಲನೈಸೇಷನ್ ಇನ್ ರಿವರ್ಸ್' (ಉಲ್ಟಾ ವಸಾಹತು) ಅನ್ನುವ ಪದ್ಯ. ಜಮೈಕನ್ನರು ಹಡಗು ತುಂಬಿಕೊಂಡು ಇಂಗ್ಲೆಂಡಿಗೆ ಹೊರಟ ಸುದ್ದಿಯನ್ನು ಅಲ್ಲಿ ಹೇಳುವವಳು ನಿಜಕ್ಕೂ ಹಿಗ್ಗಬೇಕು. ಕಲಾವಿದೆ ವ್ಯಂಗ್ಯಕ್ಕೆಂದು ದನಿ ಎಳೆದ ಕೂಡಲೇ ಪದ್ಯ ಭಾಷಣವಾಗುತ್ತದೆ.

ಸ್ಟುಡಿಯೋಗೆ ಗಂಟೆಗೆ ಏಳೆಂಟುನೂರರಂತೆ ಒಟ್ಟು ಇಪ್ಪತ್ತು ಸಾವಿರದ ಹತ್ತಿರ ಸುರಿದೆ. ಕೆಲಸಕ್ಕೆ ಬಂದದ್ದು ಮೊಬೈಲ್ ರೆಕಾರ್ಡಿಂಗೇ. ಮೊದಲು ಆಡಿ, ರೆಕಾರ್ಡ್ ಮಾಡಿ, ಆಮೇಲೆ ಬರೆಯಿರಿ. ಪ್ರತಿ ಎಳೆತಕ್ಕೂ ಕಾಗುಣಿತ ತಿರುಚಿದರೆ ಓದುವವರು ಎಡವುತ್ತಾರೆ. ಕ್ರಿಯಾಪದದ ಬಾಲ ಆಡುಮಾತಿನಲ್ಲಿದ್ದರೆ ಉಳಿದದ್ದನ್ನು ಅವರ ಕಿವಿಯೇ ಸರಿಮಾಡಿಕೊಳ್ಳುತ್ತದೆ.

ಗೀಗೀ ಮೇಳದ ದಪ್ಪು, ತುಂತುಣಿಯನ್ನೂ ಹಾಕಿ ನೋಡಿದ್ದಾಯಿತು. ಲಯ ಕೂಡಿಬಂತು, ಆದರೆ ಹಿಮ್ಮೇಳದ ಗೀಯ ಗೀಯ ಎದ್ದಾಗಲೆಲ್ಲ ಮಾತಿನ ಖಾರ ಇಳಿಯಿತು. ದಪ್ಪು ಮಾತ್ರ ಉಳಿಸಿಕೊಂಡೆ. ಆಕೆಯ ಪದ್ಯಗಳಲ್ಲಿ ಗಾದೆ ನುಗ್ಗಿದಾಗ ಉಸಿರು ಎಲ್ಲಿ ಹಿಡಿಯಬೇಕು ಅನ್ನುವುದಕ್ಕೂ ಒಂದು ಕಿಟುಕು ಸಿಕ್ಕಿದೆ; ಮುಂದಿನ ಪ್ರದರ್ಶನ ಮುಗಿಯುವ ತನಕ ಅದು ನನ್ನ ಹತ್ತಿರವೇ ಇರಲಿ.